ಯಾರೂ ಹೇಳದೆ ಬಡಿದ ತಮಟೆ



ಬಿಟ್ಟಿ ಅನ್ನೋ ಮಾತು ನಿಮಗೆಲ್ಲ ಗೊತ್ತು. ಗೌಡರ ಹೊಲದಲ್ಲಿ ದುಡಿಯೋದು ಬಿಟ್ಟಿ, ಸತ್ತ ದನ ಎಳೆಯೋದು ಬಿಟ್ಟಿ, ಊರಿಂದೂರಿಗೆ ಸಾವಿನ ಸುದ್ದಿ ಹೊರೋದು ಬಿಟ್ಟಿ. ಆದರೆ ಕಲೆಯೂ ಬಿಟ್ಟಿಯಾಗಿತ್ತು ಎಂದು ತರಗತಿಯಲ್ಲಿ ಯಾರೂ ಪಾಠ ಮಾಡಿದ್ದನ್ನ ನಾನು ಕೇಳಿಲ್ಲ. ಅಲ್ಲಿ ಅದಕ್ಕೆ ಜಾನಪದ ಅನ್ನುತ್ತಾರೆ. ಸಮೃದ್ಧ ಪರಂಪರೆ ಅನ್ನುತ್ತಾರೆ. ನಮ್ಮ ತಾತಂದಿರು ತಮಟೆ ಬಡಿದದ್ದು ಪರಂಪರೆ ಉಳಿಸೋಕೆ ಅಂತ ನೀವು ನಂಬ್ತೀರಾ? ಜಾತ್ರೆಗೆ ಬಾ ಅಂದರು, ಹೋದರು. ಹೆಣ ಬಿದ್ದಿದೆ ಬಾ ಅಂದರು, ಹೋದರು. ಹೋಗದಿದ್ದರೆ ಏನಾಗುತ್ತಿತ್ತು ಅನ್ನೋದನ್ನ ಕೇರಿಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಮೆರವಣಿಗೆಯ ದೇವರ ಮುಂದೆ ಬಡಿಯಬೇಕು. ದೇವರು ಗುಡಿ ಒಳಗೆ ಹೋದ ಮೇಲೆ ಬಡಿದವನು ಬೀದಿಯಲ್ಲಿ ನಿಲ್ಲಬೇಕು. ಚರ್ಮ ಹದ ಮಾಡಿದವನು ಅವನು, ತೋಳು ಅವನದು, ಗತ್ತು ಅವನದು. ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಮಾತ್ರ ಊರಿನದು.

1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂತು. 1976ರಲ್ಲಿ ಜೀತ ರದ್ದಾಯಿತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಬಿಟ್ಟಿ ಮಾಡಿಸುವುದು ಅಪರಾಧ. ಕಾಗದದ ಮೇಲೆ ತಮಟೆಗೆ ಬಿಡುಗಡೆಯಾಗಿ ಬಹಳ ಕಾಲವಾಯಿತು. ಬಿಡುಗಡೆಯಾದ ತಮಟೆ ಮುಂದೆ ಏನು ಮಾಡಬೇಕು? ನಾನು ಇವತ್ತು ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಈ ಸಂಜೆ ನಮ್ಮ ಹುಡುಗ ಹುಡುಗಿಯರು ತಾವೇ ಕಟ್ಟಿದ ಹಾಡು ಹಾಡ್ತಾರೆ, ಫೋನಿನಲ್ಲಿ ತೆಗೆದ ಸಣ್ಣ ಸಿನಿಮಾ ತೋರಿಸ್ತಾರೆ. ಊಟದ ಹಾಲಿನ ಗೋಡೆಗೆ ಚಿತ್ರ ಅಂಟಿಸಿದ್ದಾರೆ. ಎಲ್ಲರಿಗೂ ಇದು ಮೊದಲನೇ ಸಲ. ಮೇಲ್ಜಾತಿಯವರ ಮನೆಯಲ್ಲಿ ಇಂಥದಕ್ಕೆ ರಂಗಪ್ರವೇಶ ಅನ್ನುತ್ತಾರೆ. ಅಪ್ಪ ಸಭಾಂಗಣ ಬಾಡಿಗೆಗೆ ಹಿಡೀತಾನೆ, ಅಮ್ಮ ರೇಷ್ಮೆ ಸೀರೆ ಕೊಳ್ತಾಳೆ, ಆಹ್ವಾನ ಪತ್ರಿಕೆಯಲ್ಲಿ ಗುರುವಿನ ಭಾವಚಿತ್ರ ಇರುತ್ತೆ. ನಮ್ಮಲ್ಲಿ ಅದಕ್ಕೊಂದು ಪದವೇ ಇಲ್ಲ. ನಾವು ಎಲ್ಲಿಗೂ ಪ್ರವೇಶ ಮಾಡಿದವರಲ್ಲ. ಕರೆದಾಗ ಹೋದೆವು, ಕಳಿಸಿದಾಗ ಬಂದೆವು.

ಸ್ವಂತ ಕೃತಿ ಅಂದರೆ ಲೋಕದಲ್ಲಿ ಯಾರೂ ಕೇಳದೇ ಇದ್ದದ್ದನ್ನ ಹುಟ್ಟಿಸಬೇಕು ಅಂತ ವಿಮರ್ಶಕರು ಹೇಳ್ತಾರೆ. ಅದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಸ್ವಂತ ಅಂದರೆ ಯಾರ ಹುಕುಮಿಲ್ಲದೆ ಮಾಡಿದ್ದು. ಅದೇ ತಮಟೆ, ಅದೇ ಗತ್ತು ಇರಲಿ. ಯಾರೂ ಹೇಳದೆ ಬಡಿದ ದಿನ ಅದು ನಿಮ್ಮದು.

ಮದರಾಸಿನಲ್ಲಿ ಅಂಥ ಒಂದು ದಿನ ಬಂದಿತ್ತು. 2018ರ ಜನವರಿ 6. ಕಿಲ್ಪಾಕ್ ಬಡಾವಣೆಯ ಒಂದು ಶಾಲೆಯ ಮೈದಾನ. ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರವೂ ಸಂಗೀತಗಾರ ತೆನ್ಮಾ ಅವರೂ ಸೇರಿ ಹತ್ತೊಂಬತ್ತು ಜನರ ಒಂದು ತಂಡ ಕಟ್ಟಿ, ಅವತ್ತು ಮೊದಲ ಸಲ ವೇದಿಕೆಗೆ ಹತ್ತಿಸಿದರು. ತಂಡದ ಹೆಸರು ದಿ ಕಾಸ್ಟ್‌ಲೆಸ್ ಕಲೆಕ್ಟಿವ್, ಅಂದರೆ ಜಾತಿಯಿಲ್ಲದವರ ಕೂಟ. ಹೆಸರು ಇಂಗ್ಲಿಷಿನದು, ಬೇರು ಅಯೋತಿದಾಸ ಪಂಡಿತರದು. 1845ರಲ್ಲಿ ಹುಟ್ಟಿ 1914ರಲ್ಲಿ ತೀರಿಕೊಂಡ ಈ ಸಿದ್ಧವೈದ್ಯರು ನಮ್ಮವರನ್ನು ಜಾತಿಯಿಲ್ಲದ ತಮಿಳರು ಎಂದು ಕರೆದರು. 1898ರಲ್ಲೇ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ 58 ವರ್ಷ ಮೊದಲು. ಆ ಸಂಘದ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿತ್ತು. ಗಣಿಯ ಚಾಂಪಿಯನ್ ರೀಫ್ಸಿನ ಸಿದ್ಧಾರ್ಥ ಮುದ್ರಣಾಲಯ ಪಂಡಿತರ ಬರಹಗಳನ್ನು ಅಚ್ಚು ಹಾಕಿತು. ಭೂಮಿಯೊಳಗೆ ಇಳಿದು ಚಿನ್ನ ತೆಗೆದ ಜನ ಮೇಲೆ ಬಂದು ಪುಸ್ತಕ ಹೊರಡಿಸಿದರು. ನಮ್ಮ ರಾಜ್ಯದ ಈ ಚರಿತ್ರೆ ನಮಗೇ ಗೊತ್ತಿಲ್ಲದೆ ಹೋಯಿತಲ್ಲ, ಅದನ್ನ ಇನ್ನೊಂದು ದಿನ ಮಾತಾಡೋಣ.

ಆ ಹತ್ತೊಂಬತ್ತು ಜನರಲ್ಲಿ ಹಲವರು ಗಾನಾ ಹಾಡುವವರು. ಗಾನಾ ಅಂದರೆ ಉತ್ತರ ಮದರಾಸಿನ ಕೊಳೆಗೇರಿಗಳ ಹಾಡು. ಬಂದರಿನ ಕೂಲಿಗಳು, ರಿಕ್ಷಾ ಎಳೆಯುವವರು, ಮೀನುಗಾರರು ಇರುವ ಕಡೆಯದು. ಹೆಣದ ಮುಂದೆ ರಾತ್ರಿಯಿಡೀ ಕೂತು ಸತ್ತವನ ಬದುಕನ್ನ ಹಾಡಾಗಿ ಕಟ್ಟುತ್ತಾರೆ. ಮರಣ ಗಾನಾ ಅಂತಲೇ ಅದಕ್ಕೆ ಹೆಸರು. ಜೊತೆಗೆ ಪರೈ, ಸಟ್ಟಿ ಬಡಿತಾರೆ. ಪರೈ ಅಂದರೆ ನಮ್ಮ ತಮಟೆಯ ಅಣ್ಣ ಅಂದುಕೊಳ್ಳಿ. ಸಾವಿನ ಮನೆಯ ಹಾಡು ಅಶುಭ ಅಂತ ಸಭ್ಯರು ದೂರ ಇಟ್ಟಿದ್ದರು. ಸಿನಿಮಾದವರು ತಮಾಷೆಗೆ ಬಳಸಿಕೊಳ್ಳುತ್ತಿದ್ದರು. ಹೀರೊ ಕುಡಿದು ಕುಣಿಯುವಾಗ ಒಂದು ಗಾನಾ ಇದ್ದರಾಯಿತು. ಅವತ್ತು ಮೈದಾನದಲ್ಲಿ ಅದೇ ಗಾನಾ ಗಿಟಾರಿನ ಜೊತೆ, ರ‍್ಯಾಪಿನ ಜೊತೆ ನಿಂತಿತು. ಹಾಡಿದ್ದು ಏನನ್ನ? ಮೀಸಲಾತಿಯನ್ನ. ದನದ ಮಾಂಸವನ್ನ. ಅಂಬೇಡ್ಕರರನ್ನ. ತಂಡದ ಎಲ್ಲರೂ ಒಂದೇ ಥರದ ಕೋಟು ಹಾಕಿಕೊಂಡು ಬಂದಿದ್ದರು. ಕೋಟು ಯಾಕೆ ಅಂತ ಜೈ ಭೀಮ್ ಅನ್ನುವವರು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಗಾನಾ ಗಂಡಸರ ಹಾಡು ಅಂತ ಗಂಡಸರೇ ತೀರ್ಮಾನಿಸಿಕೊಂಡಿದ್ದರು. ಆ ತಂಡದಲ್ಲಿ ಒಬ್ಬಳು ಹೆಣ್ಣುಮಗಳು, ಇಸೈವಾಣಿ. 2020ರಲ್ಲಿ ಬಿಬಿಸಿಯವರು ಲೋಕದ ನೂರು ಹೆಣ್ಣುಮಕ್ಕಳ ಪಟ್ಟಿಯಲ್ಲಿ ಅವಳ ಹೆಸರು ಹಾಕಿದರು. ಮೇಲ್ಜಾತಿಯವರು ನಮಗೆ ಮುಚ್ಚಿದ ಬಾಗಿಲನ್ನೇ ಎಣಿಸ್ತಾ ಕೂತರೆ, ನಾವು ಮುಚ್ಚಿದ ಬಾಗಿಲು ಲೆಕ್ಕಕ್ಕೆ ಬರೋದಿಲ್ಲ.

ಆ ಜನವರಿ 6 ತಮಿಳರ ಮಾರ್ಗಳಿ ತಿಂಗಳಲ್ಲಿ ಬರುತ್ತೆ. ಮದರಾಸಿನಲ್ಲಿ ಮಾರ್ಗಳಿ ಅಂದರೆ ಕರ್ನಾಟಕ ಸಂಗೀತದ ಸುಗ್ಗಿ. ಸಭೆಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕಚೇರಿ, ಜೊತೆಗೆ ಕಾಫಿ ತಿಂಡಿ. 2020ರ ಡಿಸೆಂಬರಿನಿಂದ ನೀಲಂನವರು ಅದೇ ತಿಂಗಳಲ್ಲಿ ಮಾರ್ಗಳಿಯಲ್ಲಿ ಮಕ್ಕಳಿಸೈ ಅಂತ ಶುರು ಮಾಡಿದರು. ತಮಿಳಿನಲ್ಲಿ ಮಕ್ಕಳ್ ಅಂದರೆ ಜನ. ಸಭೆಯ ಬಾಗಿಲಲ್ಲಿ ನಿಂತು ನಮ್ಮನ್ನೂ ಒಳಗೆ ಬಿಡಿ ಅಂತ ಅರ್ಜಿ ಹಾಕಲಿಲ್ಲ. ತಿಂಗಳನ್ನೇ ಹಂಚಿಕೊಂಡರು. ನನಗೆ ಈ ಕೆಲಸ ಬಹಳ ಹಿಡಿಸಿತು.

ಇಲ್ಲಿ ಕೂತಿರುವ ಕೆಲವರಿಗೆ ಒಂದು ಪ್ರಶ್ನೆ ಕುದೀತಾ ಇದೆ, ಗೊತ್ತು. ತಮಟೆ ಬಿಸಾಡಿ ಅಂತಲ್ಲವೇ ಚಳವಳಿ ಹೇಳಿದ್ದು? ಈಗ ಅದನ್ನೇ ವೇದಿಕೆ ಮೇಲೆ ತಂದು ಮೆರೆಸೋದು ಎಂಥಾ ವಿಮೋಚನೆ? ಪ್ರಶ್ನೆ ನ್ಯಾಯವಾದದ್ದೇ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಹೀನ ಕೆಲಸ ಬಿಡಿ ಅಂದರು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಹಿರಿಯರು ಇನ್ನು ಹಬ್ಬಕ್ಕೆ ಬಡಿಯಲ್ಲ ಅಂತ ನಿಂತರು. ಅದಕ್ಕಾಗಿ ಬಹಿಷ್ಕಾರ ಹಾಕಿಸಿಕೊಂಡರು, ಕೂಲಿ ಕಳಕೊಂಡರು, ಏಟು ತಿಂದರು. ಅವರು ಬಡಿಯಲ್ಲ ಅಂದದ್ದರಿಂದಲೇ ನಾವು ಇವತ್ತು ಬಡೀತೀವಿ ಅನ್ನಬಹುದು. ಬಡಿಯಲ್ಲ ಅನ್ನುವ ಹಕ್ಕಿಲ್ಲದವನು ಬಡಿದರೆ ಅದು ಬಿಟ್ಟಿಯೇ, ವೇದಿಕೆಗೆ ಎಷ್ಟು ದೀಪ ಹಾಕಿದರೂ. ಇವತ್ತಿಗೂ ಯಾವುದಾದರೂ ಊರಲ್ಲಿ ಬಲವಂತಕ್ಕೆ ಬಡಿಸ್ತಾ ಇದ್ದರೆ ಅಲ್ಲಿ ಬಿಸಾಡೋದೇ ಸರಿ. ಎರಡೂ ಒಂದೇ ಹೋರಾಟದ ಕೆಲಸ ಅಂತ ನಾನು ತಿಳಿದಿದ್ದೇನೆ.

ಕರ್ನಾಟಕದಲ್ಲೂ ಇದು ಹೊಸದಲ್ಲ. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಮಾತಾಡಿದಾಗ ಹಾಸ್ಟೆಲ್ ಹುಡುಗರು ಏಟು ತಿಂದರು. ಅದರ ಬೆನ್ನಿಗೆ ದಲಿತ ಸಂಘರ್ಷ ಸಮಿತಿ ಹುಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಹೊಲೆಮಾದಿಗರ ಹಾಡು ಬಂತು. ಅವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದವರು. ನಿಮ್ಮ ಹಾಗೇ ಬೆಲ್ ಹೊಡೆದಾಗ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು. ಆ ಹಾಡುಗಳನ್ನ ಪುಸ್ತಕ ಕೊಂಡು ಓದಿದವರಿಗಿಂತ ಸಭೆಯಲ್ಲಿ, ಜಾಥಾದಲ್ಲಿ ಕೇಳಿ ಕಲಿತವರೇ ಹೆಚ್ಚು. ತಮಟೆ ಸಾವಿನ ಮನೆಯಿಂದ ಎದ್ದು ಧರಣಿಗೆ ಬಂದು ಕೂತದ್ದು ಆ ದಿನಗಳಲ್ಲಿ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಕೊಟ್ಟರು. ಸಂತೋಷ. ಆದರೆ ಪ್ರಶಸ್ತಿ ಕೊಟ್ಟ ಸರ್ಕಾರಗಳು ತಮಟೆಯನ್ನ ಸಚಿವರ ಸ್ವಾಗತಕ್ಕೆ ಬಿಸಿಲಲ್ಲಿ ನಿಲ್ಲಿಸೋದನ್ನ ಬಿಟ್ಟಿಲ್ಲ. ನೀವೇ ನೋಡಿದ್ದೀರಿ.

ಇನ್ನು ಚಿತ್ರ. ಗೋಡೆ ಮೇಲೆ ಅಂಟಿಸಿದವರು ಹಿಂದಿನ ಬೆಂಚಲ್ಲಿ ನಾಚಿಕೊಂಡು ಕೂತಿದ್ದಾರೆ, ನಾವೇನು ಕಲಾಶಾಲೆಗೆ ಹೋದವರಾ ಅಂತ. ಅವರಿಗಾಗಿ ಬಿಹಾರದ ಒಂದು ಕತೆ.

ಮಧುಬನಿ ಚಿತ್ರಗಳ ಹೆಸರು ಕೇಳಿದ್ದೀರಿ. ಮದುವೆಮನೆಯ ಗೋಡೆ ಮೇಲೆ ಹೆಂಗಸರು ಬರೆಯುತ್ತಿದ್ದ ಚಿತ್ರ. 1966-67ರಲ್ಲಿ ಅಲ್ಲಿ ಬರ ಬಿದ್ದಾಗ ಕರಕುಶಲ ಮಂಡಳಿಯವರು ಭಾಸ್ಕರ ಕುಲಕರ್ಣಿ ಅನ್ನುವ ಕಲಾವಿದರ ಮೂಲಕ ಕಾಗದ ಹಂಚಿದರು, ಬರೆಯಿರಿ, ಮಾರಿಕೊಡುತ್ತೇವೆ ಅಂತ. ಮೊದಲು ಹೆಸರು ಬಂದದ್ದು ಬ್ರಾಹ್ಮಣ, ಕಾಯಸ್ಥ ಹೆಂಗಸರಿಗೆ. ರಾಮ ಸೀತೆ, ಕೃಷ್ಣ ರಾಧೆ, ತಾವರೆ, ಮೀನು. ಅದೇ ಜಿತ್ವಾರ್‌ಪುರ ಹಳ್ಳಿಯಲ್ಲಿ ದುಸಾಧ ಕೇರಿಯ ಹೆಂಗಸರೂ ಕಾಗದ ಹಿಡಿದರು. ಬರೆಯೋದು ಏನನ್ನ? ಮೊದಮೊದಲು ಮೇಲ್ಜಾತಿಯವರು ಬರೆದದ್ದನ್ನೇ ನೋಡಿ ಬರೆದರು. ಆಮೇಲೆ 1970ರ ದಶಕದಲ್ಲಿ ಚಾನೋ ದೇವಿ ಅನ್ನುವ ಹೆಂಗಸು ತನ್ನ ಮೈ ನೋಡಿಕೊಂಡಳು. ಮೈಮೇಲೆ ಗೋದ್ನಾ ಇತ್ತು. ಗೋದ್ನಾ ಅಂದರೆ ಹಚ್ಚೆ. ಚುಕ್ಕೆ, ಗೆರೆ, ಸಾಲು ಸಾಲು ಸಣ್ಣ ಆಕಾರ. ಅದನ್ನೇ ಕಾಗದದ ಮೇಲೆ ಇಳಿಸಿದಳು. ಕಾಗದಕ್ಕೆ ಮೊದಲು ತೆಳ್ಳಗೆ ಸಗಣಿ ನೀರು ಬಳಿದರು, ನೆಲ ಸಾರಿಸಿದ ಹಾಗೆ. ಅದರ ಮೇಲೆ ಬರೆದ ದೇವರು ರಾಜಾ ಸಲ್ಹೇಸ, ದುಸಾಧರ ಸ್ವಂತ ವೀರ. ಈಗ ಮಧುಬನಿಯಲ್ಲಿ ಗೋದ್ನಾ ಅಂತಲೇ ಒಂದು ಬೇರೆ ಶೈಲಿ ಇದೆ.

ಹಚ್ಚೆ ನಮ್ಮಜ್ಜಿಯರ ಕೈಮೇಲೂ ಇತ್ತಲ್ಲ. ಸತ್ತಾಗ ಜೊತೆಗೆ ಬರೋದು ಇದೊಂದೇ, ಬಂಗಾರ ಬರಲ್ಲ ಅಂತ ಮುದುಕಿಯರು ಹೇಳ್ತಿದ್ದರು. ಬಂಗಾರ ಇದ್ದರಲ್ಲವೇ ಬರೋದಕ್ಕೆ! ಆ ಕೈಗಳನ್ನ ಎಷ್ಟು ಜನ ನೋಡಿ ಇಟ್ಟುಕೊಂಡಿದ್ದೀರಿ? ಬದುಕಿರುವ ಅಜ್ಜಿಯರಿದ್ದರೆ ಈ ರಜೆಯಲ್ಲಿ ಹೋಗಿ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಕಲಾಶಾಲೆಗೆ ಹೋದವರೂ ನಮ್ಮಲ್ಲಿದ್ದಾರೆ. ನಾಗಪುರದ ಸವಿ ಸಾವರ್ಕರ್ ಬರೋಡದಲ್ಲಿ ಓದಿ, ಪೇಶ್ವೆಗಳ ಕಾಲದಲ್ಲಿ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆದ ಅಸ್ಪೃಶ್ಯನನ್ನ, ದೇವದಾಸಿಯರನ್ನ ಕಪ್ಪು ದಪ್ಪ ಗೆರೆಗಳಲ್ಲಿ ಬರೆದರು. ಮನೆಯ ಗೋಡೆಗೆ ತೂಗುಹಾಕಲು ಯಾರೂ ಧೈರ್ಯ ಮಾಡದಂಥ ಚಿತ್ರಗಳು ಅವು.

ಸಿನಿಮಾದ ಮಾತಿಗೆ ಬರ್ತೀನಿ. ಮೊದಲ ಸಲ ಪರದೆ ಮೇಲೆ ಕಾಣಿಸಿಕೊಳ್ಳೋದು ನಮಗೆ ಎಂಥಾ ಅಪಾಯದ ಕೆಲಸ ಅಂತ ತಿಳಿಯಬೇಕಾದರೆ ಪಿ.ಕೆ. ರೋಸಿಯ ಕತೆ ತಿಳಿಯಬೇಕು. ಜೆ.ಸಿ. ಡೇನಿಯಲ್ ತೆಗೆದ ವಿಗತಕುಮಾರನ್ ಮಲಯಾಳದ ಮೊದಲ ಕಥಾಚಿತ್ರ, ಮೂಕಿಚಿತ್ರ. ಅದರ ನಾಯಕಿ ಹುಲ್ಲು ಕೊಯ್ದು ಬದುಕುತ್ತಿದ್ದ ಕೇರಿಯ ಹುಡುಗಿ ರೋಸಿ. ಪಾತ್ರ ನಾಯರ್ ಹೆಣ್ಣಿನದು. ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಹೊಲತಿ ನಾಯರ್ ಹೆಣ್ಣಾಗೋದೇ ಅಂತ ಮೇಲ್ಜಾತಿಯವರು ಪರದೆಗೆ ಕಲ್ಲು ಹೊಡೆದರು. ರೋಸಿ ಊರು ಬಿಟ್ಟು ಓಡಬೇಕಾಯಿತು. ತಮಿಳುನಾಡಿನಲ್ಲಿ ಹೆಸರು ಅಡಗಿಸಿಕೊಂಡು ಬದುಕು ಮುಗಿಸಿದಳು. ಆಮೇಲೆ ಯಾವತ್ತೂ ನಟಿಸಲಿಲ್ಲ. ಆ ಚಿತ್ರದ ರೀಲೂ ಇವತ್ತು ಉಳಿದಿಲ್ಲ. ಮೊದಲನೆಯದೇ ಕೊನೆಯದಾಯಿತು.

ಕನ್ನಡದಲ್ಲಿ ನಮ್ಮ ಬದುಕು ಪರದೆಗೆ ಬರಲಿಲ್ಲವೇ? ಬಂತು. 1975ರಲ್ಲಿ ಚೋಮನ ದುಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಕಾದಂಬರಿ ಶಿವರಾಮ ಕಾರಂತರದು, ಚಿತ್ರ ಬಿ.ವಿ. ಕಾರಂತರದು. ಅದನ್ನ ಹಗುರ ಮಾಡೋಕೆ ನಾನು ನಿಂತಿಲ್ಲ, ವಾಸುದೇವರಾವ್ ಅವರ ಚೋಮ ಮರೆಯುವಂಥವನಲ್ಲ. ಆದರೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡೀತಾ ಸತ್ತು ಹೋಗ್ತಾನೆ. ನಮ್ಮ ಬಗ್ಗೆ ಮರುಕದಿಂದ ಬರೆದವರಿಗೆ ನಾವು ಸಾಯುವಾಗ ಚೆನ್ನಾಗಿ ಕಾಣ್ತೀವಿ.

ಈಗ ಸೊಲ್ಲಾಪುರದ ಕಡೆ ಬನ್ನಿ. ಕನ್ನಡ ಕೇಳಿಸುವ ಜಿಲ್ಲೆ ಅದು. ಅಲ್ಲಿನ ಕರಮಾಳಾ ತಾಲೂಕಿನ ಜೇವೂರಿನವರು ನಾಗರಾಜ ಮಂಜುಳೆ. ಕವಿಯೂ ಹೌದು. ಓದುತ್ತಿದ್ದಾಗಲೇ ಪಿಸ್ತುಲ್ಯಾ ಅಂತ ಒಂದು ಕಿರುಚಿತ್ರ ಮಾಡಿದರು, ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಕಳ್ಳತನಕ್ಕೆ ಹೋಗಬೇಕಾದ ಹುಡುಗನ ಕತೆ. 2013ರಲ್ಲಿ ಮೊದಲ ದೊಡ್ಡ ಚಿತ್ರ ಫಂಡ್ರಿ. ಫಂಡ್ರಿ ಅಂದರೆ ಕೈಕಾಡಿ ಮಾತಿನಲ್ಲಿ ಹಂದಿ. ಹಂದಿ ಹಿಡಿಯುವವರ ಮಗ ಜಬ್ಯಾ, ಶಾಲೆಯಲ್ಲಿ ಓದ್ತಾನೆ, ಮೇಲ್ಜಾತಿ ಹುಡುಗಿಯನ್ನ ದೂರದಿಂದ ನೋಡ್ತಾನೆ. ಇಡೀ ಶಾಲೆಯ ಮುಂದೆ ಅಪ್ಪನ ಜೊತೆ ಹಂದಿ ಅಟ್ಟಬೇಕಾಗಿ ಬರುತ್ತೆ. ಇನ್ನೇನು ಹಂದಿ ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ. ಮನೆಮಂದಿಯೆಲ್ಲ ಅಲುಗದೆ ನಿಲ್ತಾರೆ, ಹಂದಿ ನಿಲ್ಲಲ್ಲ. ಸತ್ತ ಹಂದಿಯನ್ನ ಹೊತ್ತುಕೊಂಡು ಹೋಗುವಾಗ ಹಿಂದಿನ ಗೋಡೆ ಮೇಲೆ ಅಂಬೇಡ್ಕರ್, ಫುಲೆಯವರ ಚಿತ್ರಗಳು. ಕೊನೆಗೆ ಜಬ್ಯಾ ಒಂದು ಕಲ್ಲು ಬೀಸ್ತಾನೆ. ಅದು ನೇರ ನೋಡುವವರ ಮುಖಕ್ಕೆ ಬರುತ್ತೆ. ತಿರುವನಂತಪುರದಲ್ಲಿ ಕಲ್ಲು ಪ್ರೇಕ್ಷಕರಿಂದ ಪರದೆಗೆ ಹೋಗಿತ್ತು.

ಜಬ್ಯಾನ ಪಾತ್ರ ಮಾಡಿದ ಹುಡುಗ ಸೋಮನಾಥ ಅವಘಡೆ. ಹಲಗಿ ಬಡಿಯುತ್ತಿದ್ದವನನ್ನ ನೋಡಿ ಮಂಜುಳೆ ಹಿಡಿದು ತಂದರು. ಹಲಗಿ ಅಂದರೆ ನಮ್ಮ ಹಲಗೆಯೇ. ಆ ಹುಡುಗನಿಗೆ ಬಾಲನಟ ರಾಷ್ಟ್ರಪ್ರಶಸ್ತಿ, ಮಂಜುಳೆಗೆ ಮೊದಲ ಚಿತ್ರದ ನಿರ್ದೇಶಕ ಪ್ರಶಸ್ತಿ. ಮಂಜುಳೆಯವರ ಸೈರಾಟ್ ಕನ್ನಡಕ್ಕೆ ಮನಸು ಮಲ್ಲಿಗೆ ಆಗಿ ಬಂತು. ಫಂಡ್ರಿಯನ್ನ ಮಾತ್ರ ಯಾರೂ ಕೊಂಡುಕೊಳ್ಳಲಿಲ್ಲ. ಹಂದಿಗೆ ಮಾರುಕಟ್ಟೆ ಇಲ್ಲ ನೋಡಿ.

ಹೊತ್ತಾಗ್ತಾ ಬಂತು. ಕಡೆಯದಾಗಿ ಹೆಸರಿನ ವಿಷಯ ಹೇಳ್ತೀನಿ. ಇದು ಎಲ್ಲಕ್ಕಿಂತ ಮುಖ್ಯ.

2021ರ ಮಾರ್ಚಿನಲ್ಲಿ ಎಂಜಾಯ್ ಎಂಜಾಮಿ ಅನ್ನುವ ತಮಿಳು ಹಾಡು ಬಂತು. ನಿಮ್ಮೆಲ್ಲರ ಫೋನಿನಲ್ಲೂ ಕುಣಿಯಿತು. ಬರೆದವನು ಅರಿವು, ಅದೇ ಜಾತಿಯಿಲ್ಲದವರ ಕೂಟದ ಹುಡುಗ. ಅವನ ಅಜ್ಜಿ ವಳ್ಳಿಯಮ್ಮಾಳ್ ಸಿಂಹಳದ ಟೀ ತೋಟದಲ್ಲಿ ದುಡಿದು, ಬರಿಗೈಯಲ್ಲಿ ವಾಪಸಾದವಳು. ಅವಳ ನೆನಪೇ ಹಾಡಿನ ಮೂಲ. ಹಾಡಿದವರು ದೀ ಮತ್ತು ಅರಿವು. ಸಂಗೀತ ಸಂತೋಷ್ ನಾರಾಯಣನ್. ಅದೇ ಆಗಸ್ಟಿನಲ್ಲಿ ಒಂದು ದೊಡ್ಡ ಸಂಗೀತ ಪತ್ರಿಕೆಯ ಮುಖಪುಟದಲ್ಲಿ ದೀ ಇದ್ದಳು, ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ಅವನಿಗೆ ಬೇರೆ ಮುಖಪುಟ ಮಾಡಿದರು. 2022ರ ಜುಲೈನಲ್ಲಿ ಮದರಾಸಿನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಇತ್ತು, ಅವನು ಇರಲಿಲ್ಲ. ಹಾಡು ಕಟ್ಟಿದವನು ನಾನು ಅಂತ ಅವನು ಬರೆದ. ಮೂವರೂ ಕೂಡಿ ಮಾಡಿದ್ದು ಅಂತ ಸಂತೋಷ್ ಉತ್ತರಿಸಿದರು. ಯಾರ ಪಾಲು ಎಷ್ಟು ಅಂತ ತೀರ್ಪು ಕೊಡೋಕೆ ನಾನು ಯಾರು? ಆದರೆ ಕೋಟಿ ಕೋಟಿ ಜನ ಕೇಳಿದ ಹಾಡಿಗೇ ಹೀಗಾದರೆ ಹಾಸ್ಟೆಲಿನ ಹಾಡಿನ ಗತಿ ಏನು?

ಅದಕ್ಕೇ ಹೇಳ್ತೀನಿ. ಹಾಡನ್ನ ಬಾಯಲ್ಲಿ ಮಾತ್ರ ಇಡಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸಾಲು ಯಾರದು, ಮಟ್ಟು ಯಾರದು, ಯಾವ ತಾರೀಖು ಅಂತ ಹಾಕಿ. ಚಿತ್ರದ ಕೆಳಗೆ ಹೆಸರು ಬರೆಯಿರಿ. ಇವತ್ತು ಊಟದ ಹಾಲಿನಲ್ಲಿ ಹನ್ನೊಂದು ಚಿತ್ರ ಎಣಿಸಿದೆ, ಎರಡಕ್ಕೆ ಮಾತ್ರ ಹೆಸರಿದೆ. ಸಿನಿಮಾದ ಕೊನೆಯಲ್ಲಿ ಕ್ಯಾಮೆರಾ ಹಿಡಿದವನಿಂದ ಹಿಡಿದು ಸೀರೆ ಕೊಟ್ಟ ಅಡಿಗೆಯಮ್ಮನವರೆಗೆ ಎಲ್ಲರ ಹೆಸರೂ ಬರಲಿ. ಯಾರಾದರೂ ಕಾರ್ಯಕ್ರಮಕ್ಕೆ ಕರೆದರೆ ಬಸ್ ಚಾರ್ಜು ಎಷ್ಟು, ಊಟ ಎಲ್ಲಿ, ಎಲ್ಲರ ಜೊತೆ ಪಂಕ್ತಿಯಲ್ಲೋ ಹೊರಗೋ ಅಂತ ಮೊದಲೇ ಕೇಳಿ. ನಾಚಿಕೆ ಬೇಡ. ಮತ್ತೆ ಸಿನಿಮಾ ಹಾಡಿನ ಮಟ್ಟಿಗೆ ಬಾಬಾಸಾಹೇಬರ ಹೆಸರು ತುರುಕಿದ ಹಾಡುಗಳು ಸಾಕು ಕಣ್ರಯ್ಯ. ಹದಿನಾಲ್ಕನೇ ಏಪ್ರಿಲ್‌ಗೆ ಲೌಡ್‌ಸ್ಪೀಕರಿನಲ್ಲಿ ಕೇಳಿ ಕೇಳಿ ಕಿವಿ ತೂತಾಗಿದೆ. ನಿಮ್ಮಜ್ಜಿ ನಾಟಿ ಹಾಕುವಾಗ ಹಾಡಿದ ಮಟ್ಟು ಯಾವ ಸಿನಿಮಾದವರ ಹತ್ತಿರವೂ ಇಲ್ಲ. ಅದನ್ನ ತನ್ನಿ.

ಇಲ್ಲಿ ಚೆನ್ನಾಗಿ ಬಂದದ್ದನ್ನ ಮೊದಲು ಪಟ್ಟಣದ ಸಭಾಂಗಣಕ್ಕೆ ಒಯ್ಯುವ ಆತುರ ಬೇಡ, ರಜೆಯಲ್ಲಿ ನಿಮ್ಮ ಕೇರಿಗೆ ಒಯ್ಯಿರಿ. ಅಲ್ಲಿ ಮುದುಕರು ಮುಖದ ಮೇಲೇ ಹೇಳ್ತಾರೆ, ಗತ್ತು ತಪ್ಪಿತು ಅಂತ.

ಹುಡುಗಿಯರ ಹಾಸ್ಟೆಲ್ ಗೇಟು ಏಳು ಗಂಟೆಗೆ ಮುಚ್ಚುತ್ತೆ. ಆದ್ದರಿಂದ ಅವರ ಹಾಡು ಮೊದಲು, ಸಿನಿಮಾ ಆಮೇಲೆ. ತಮಟೆ ಕಾಯಿಸೋಕೆ ಹಿತ್ತಲಲ್ಲಿ ಬೆಂಕಿ ಹಾಕಿದ್ದಾರೆ, ಒಬ್ಬರು ಹೋಗಿ ನೋಡಿ, ಚರ್ಮ ಸುಟ್ಟೀತು.

ಜೈ ಭೀಮ್.